ಎಪ್ಪತ್ತೆರಡನೇ ನಿಮಿಷ

ಅಣ್ಣ ಮೊದಲ ಸಲ ಕೆಮ್ಮಿದ್ದು ಎಪ್ಪತ್ತೆರಡನೇ ನಿಮಿಷದಲ್ಲಿ.

ಇಷ್ಟು ಖಚಿತವಾಗಿ ಹೇಳಬಲ್ಲೆ. ಆಗ ನಾನು ಟೀವಿಯ ಮೂಲೆಯಲ್ಲಿ ಓಡುತ್ತಿದ್ದ ಗಡಿಯಾರವನ್ನೇ ನೋಡುತ್ತಿದ್ದೆ. ಮಾರ್ಚ್ ತಿಂಗಳ ಫುಟ್ಬಾಲ್ ಫೈನಲ್. ಒಂದಕ್ಕೊಂದು ಸಮ. ನಮ್ಮ ತಂಡ ಗೋವಾದ ಖಾಲಿ ಸ್ಟೇಡಿಯಂನಲ್ಲಿ ಆಡುತ್ತಿತ್ತು. ನಾವು ಐದು ಜನ ಕುರ್ಲಾದ ನಮ್ಮ ಚಾಳಿನ ಎರಡನೇ ಮಹಡಿಯಲ್ಲಿ, ಹತ್ತು ಅಡಿ ಅಗಲದ ಕೋಣೆಯಲ್ಲಿ, ಕಿಟಕಿ ಮುಚ್ಚಿಕೊಂಡು ಕೂತಿದ್ದೆವು.

ಒಣ ಕೆಮ್ಮು. ಎರಡೇ ಸಲ.

"ಆ ಕಿಟಕಿ ತೆಗಿ ಮಾರಾಯ್ತಿ, ಒಳ್ಗೆ ಇಡ್ಲಿ ಬೇಯೂ ಹಾಂಗಿತ್ತ್," ಎಂದರು ಅತ್ತಿಗೆ, ಅಡುಗೆಮನೆಯ ಬಾಗಿಲಲ್ಲಿ ನಿಂತು.

"ಅತ್ತಿಗೇರ, ಇನ್ನ ಹದಿನೆಂಟ ನಿಮಿಷ ಐತ್ರಿ," ಬಸು ಕೈಮುಗಿದ. "ಕಪ್ ಬಂದ ಮ್ಯಾಲ ಕಿಟಕಿ ಏನ್, ಗ್ವಾಡೀನ ತಗೀರಿ."

ಎಲ್ಲರೂ ನಕ್ಕರು. ನನ್ನ ಕೈ ಆಗ ಚಿಲಕದ ಮೇಲಿತ್ತು.

ನಾನು ತೆಗೆಯಲಿಲ್ಲ.

ಆ ಕಿಟಕಿಯ ವಿಷಯ ಮೊದಲು ಹೇಳಬೇಕು. ಅದು ತೆರೆದುಕೊಳ್ಳುವುದು ರೈಲು ಹಳಿಯ ಕಡೆಗೆ. ಲೋಕಲ್ ಹಾದುಹೋದಾಗಲೆಲ್ಲ ಟೀವಿಯ ಮಾತು ಕೇಳಿಸುವುದಿಲ್ಲ. ತಂಡ ಹುಟ್ಟಿದ ಮೊದಲ ವರ್ಷ ಒಂದು ಸಂಜೆ ನಾವು ಎರಡು ಗೋಲು ಹಿಂದಿದ್ದೆವು. ನನಗೆ ಸಿಟ್ಟು ಬಂದು ಕಿಟಕಿ ದಬ್ಬಿ ಚಿಲಕ ಹಾಕಿದೆ. ಮುಂದಿನ ಇಪ್ಪತ್ತು ನಿಮಿಷದಲ್ಲಿ ಮೂರು ಗೋಲು ಹೊಡೆದು ಗೆದ್ದೆವು. ಅಂದಿನಿಂದ ಅದೇ ಕಾನೂನು. ಆಟ ಶುರುವಾಗುವ ಮೊದಲು ಕಿಟಕಿ ಮುಚ್ಚಬೇಕು, ಮುಚ್ಚುವವಳು ನಾನೇ ಆಗಬೇಕು, ಕೊನೆಯ ಸೀಟಿಯವರೆಗೆ ಯಾರೂ ಮುಟ್ಟಬಾರದು. ಅಣ್ಣ ಫ್ರಿಜ್ಜಿಗೆ ಒರಗಿ ಮಣೆಯ ಮೇಲೆ. ಕೆಳಗಿನ ಮಹಡಿಯ ಬಸು, ವಿಜಯಪುರದ ಕಡೆಯವನು, ಕಟ್ಟಡದ ಕೆಲಸದ ಸೂಪರ್‌ವೈಸರ್, ನೆಲದ ಮೇಲೆ ಎಡಗಾಲು ಮಡಚಿ. ಫ್ರಾನ್ಸಿಸ್ ಮಾಮನಿಗೆ ಬೆತ್ತದ ಕುರ್ಚಿ.

ನಾನು ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಬೆಕ್ಕು ಅಡ್ಡ ಬಂತೆಂದು ಮನೆಗೆ ವಾಪಸು ಹೋಗುವವರನ್ನು ಕಂಡು ನಕ್ಕವಳು. ಆದರೆ ಆ ಚಿಲಕದ ಬಗ್ಗೆ ಏಳು ವರ್ಷ ಒಂದು ದಿನವೂ ನಗಲಿಲ್ಲ.

ಫ್ರಾನ್ಸಿಸ್ ಮಾಮ ನಮ್ಮ ಸಂಬಂಧಿಕರಲ್ಲ. ಅಣ್ಣ ಬೈಕುಲ್ಲಾದ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆಯವನು. ಅಲ್ಲಿಗೆ ದಿನಾ ಬೆಳಿಗ್ಗೆ ತಿಂಡಿಗೆ ಬರುತ್ತಿದ್ದವರು ಅವರು. ಮಂಗಳೂರಿನವರು, ಬ್ಯಾಂಕಿನಿಂದ ನಿವೃತ್ತರು. ಹರೆಯದಲ್ಲಿ ಬ್ಯಾಂಕಿನ ಟೀಮಿಗೆ ಲೆಫ್ಟ್ ಬ್ಯಾಕ್ ಆಡಿದವರು. ಸಾಂಬಾರ್ ಚೆನ್ನಾಗಿದೆ ಎಂದು ಹೇಳಲು ಅಡುಗೆಮನೆಯವರೆಗೆ ಹೋಗಿ, ಅಲ್ಲಿ ಅಣ್ಣನ ಮೊಬೈಲಿನಲ್ಲಿ ಫುಟ್ಬಾಲ್ ಕಂಡು ಅಲ್ಲೇ ನಿಂತುಬಿಟ್ಟರಂತೆ.

ಮೊದಲ ಲಾಕ್‌ಡೌನ್ ಬರುವ ಹೊತ್ತಿಗೆ ಹೋಟೆಲ್ ಮುಚ್ಚಿತು. ಆಟ ನಿಂತಿತು. ಮಾಮ ನನಗೆ ವಾಟ್ಸಾಪಿನಲ್ಲಿ ದಿನಕ್ಕೊಂದು ವಾಯ್ಸ್ ಮೆಸೇಜ್ ಕಳಿಸಲು ಶುರುಮಾಡಿದರು. "ನೀನು ಪುಸ್ತಕದವಳಲ್ಲವಾ, ಇಟ್ಟುಕೋ. ನಾನು ಹೋದ ಮೇಲೆ ಇದೆಲ್ಲ ಯಾರಿಗೆ ಗೊತ್ತುಂಟು?" ಕೂಪರೇಜ್ ಮೈದಾನದ ಕೆಸರು, ಹರಿದ ಬೂಟಿಗೆ ಕಟ್ಟಿದ ಸುತಳಿ, ಬೇಲಿ ಹತ್ತಿ ನೋಡುತ್ತಿದ್ದ ಮಿಲ್ ಕಾರ್ಮಿಕರು, ಅವರು ರೆಫರಿಗೆ ಬೈಯುತ್ತಿದ್ದ ಬೈಗುಳ. ಕೆಲವನ್ನು ಕೇಳಿದೆ. ಅನೇಕವನ್ನು ಆಮೇಲೆ ಕೇಳೋಣವೆಂದು ಬಿಟ್ಟೆ.

ಆಮೇಲೆ ಆಟ ಮತ್ತೆ ಶುರುವಾಯಿತು, ಪ್ರೇಕ್ಷಕರಿಲ್ಲದೆ. ನಾವೂ ಲೀಗ್ ಪಂದ್ಯಗಳನ್ನೆಲ್ಲ ಅವರವರ ಮನೆಯಲ್ಲೇ, ಫೋನಿನಲ್ಲಿ ಕೂಗಾಡುತ್ತ ನೋಡಿದೆವು. ಫೈನಲಿಗೆ ಮಾತ್ರ ತಡೆಯಲಾಗಲಿಲ್ಲ. "ನನಗೆ ಇಂಜೆಕ್ಷನ್ ಆಗಿದೆ ಮಾರಾಯ್ರೆ, ಎಂತ ಹೆದರಿಕೆ?" ಎಂದು ಮಾಮ ಲೋಕಲ್ ಹತ್ತಿ ಬಂದೇ ಬಿಟ್ಟರು. ಮೊದಲ ಡೋಸ್ ಆಗಿ ನಾಲ್ಕೇ ದಿನವಾಗಿತ್ತು. ಒಳಗೆ ಬಂದವರೆಲ್ಲ ಮಾಸ್ಕ್ ತೆಗೆದು ಬಾಗಿಲ ಬಳಿಯ ಮೊಳೆಗೆ ಸಿಕ್ಕಿಸಿದರು, ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟ ಹಾಗೆ.

ಕೊನೆಯ ನಿಮಿಷದಲ್ಲಿ ನಮ್ಮವರು ಗೋಲು ಹೊಡೆದರು. ಗೆದ್ದೆವು. ಬಸು ಅಣ್ಣನನ್ನು ಎತ್ತಿಕೊಂಡು ಕುಣಿದ. ಫ್ರಾನ್ಸಿಸ್ ಮಾಮ ಅತ್ತರು. ಅಣ್ಣ ಅವರನ್ನು ತಬ್ಬಿಕೊಂಡು ಕೆನ್ನೆಗೆ ಕೆನ್ನೆ ಒತ್ತಿ ನಿಂತ. ಆ ಚಿತ್ರ ನನ್ನ ಫೋನಿನಲ್ಲಿದೆ. ಅದನ್ನು ಅಳಿಸಲೂ ಆಗಿಲ್ಲ, ತೆರೆದು ನೋಡಲೂ ಆಗಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಅಣ್ಣ ಮನೆಯಲ್ಲಿ ಸಾರಿಗೆ ಒಗ್ಗರಣೆ ಇಡುತ್ತಿದ್ದ. ಸಾಸಿವೆ ಸಿಡಿಯಿತು. ಮೆಣಸು ಕಪ್ಪಾಯಿತು. ಎಣ್ಣೆ ಹೊಗೆಯಾಡಿತು. ಅತ್ತಿಗೆ ಕೆಮ್ಮುತ್ತ ಓಡಿಬಂದು ಗ್ಯಾಸ್ ಆರಿಸಿದರು. ಅಣ್ಣ ಸೌಟು ಹಿಡಿದು ಅಲ್ಲೇ ನಿಂತಿದ್ದ.

"ನಂಗೆ ವಾಸ್ನೆಯೇ ಬತ್ತಿಲ್ಲ ಕಾಣ್," ಎಂದ.

ಮೂವತ್ತು ವರ್ಷ ಪಾತ್ರೆಯ ಮುಚ್ಚಳ ಸರಿಸಿ, ನಾಲಿಗೆಗೆ ಮುಟ್ಟಿಸದೆ, ಬರೀ ಆವಿಯಿಂದಲೇ ಉಪ್ಪು ಕಡಿಮೆ ಎಂದು ಹೇಳುತ್ತಿದ್ದವನು.

ಸಂಜೆ ಜ್ವರ. ಮರುದಿನ ಟೆಸ್ಟ್. ಮೂವರೂ ಪಾಸಿಟಿವ್. ನನಗೂ ಅತ್ತಿಗೆಗೂ ಮೈಕೈ ನೋವು, ಜ್ವರ, ವಾಸನೆ ಇಲ್ಲ, ಅಷ್ಟೇ. ಬಸುವಿನ ರಿಪೋರ್ಟ್ ನೆಗೆಟಿವ್. ಬೈಕುಲ್ಲಾದಿಂದ ಫ್ರಾನ್ಸಿಸ್ ಮಾಮನ ಹೆಂಡತಿ ಲಿಲ್ಲಿ ಆಂಟಿ ಫೋನ್ ಮಾಡಿದರು. ಮಾಮನಿಗೂ ಜ್ವರ.

ಯಾರಿಂದ ಯಾರಿಗೆ ಬಂತೋ ಇವತ್ತಿಗೂ ಗೊತ್ತಿಲ್ಲ. ಲೋಕಲ್‌ನಿಂದ ಬಂದಿರಬಹುದು, ಮತ್ತೆ ತೆರೆದಿದ್ದ ಹೋಟೆಲಿನಿಂದ ಬಂದಿರಬಹುದು. ಎಲ್ಲಿಂದ ಬಂದರೂ ಅದು ಆ ಕೋಣೆಯೊಳಗೆ ಸುತ್ತಿತು. ಹೊರಗೆ ಹೋಗಲು ಅದಕ್ಕೆ ದಾರಿ ಇರಲಿಲ್ಲ.

ಬಾಗಿಲ ಹೊರಗಿನಿಂದ ಬಸು ಊಟದ ಡಬ್ಬಿ ಇಟ್ಟು ಹೋಗುತ್ತಿದ್ದ. ಅವನೇ ಒಂದು ಆಕ್ಸಿಮೀಟರ್ ತಂದುಕೊಟ್ಟ. ನಾನು ಎರಡು ಗಂಟೆಗೊಮ್ಮೆ ಅಣ್ಣನ ಬೆರಳಿಗೆ ಸಿಕ್ಕಿಸುತ್ತಿದ್ದೆ. ತೊಂಬತ್ತೈದು. ತೊಂಬತ್ತೈದು. ತೊಂಬತ್ಮೂರು. ಅಣ್ಣ ಕೇಳಿದರೆ "ಸರಿ ಇತ್ತ್" ಎನ್ನುತ್ತಿದ್ದೆ. ಸಂಖ್ಯೆ ಹೇಳುತ್ತಿರಲಿಲ್ಲ. ಸೀಟಿ ಊದುವ ಮೊದಲು ಗೆದ್ದೆವು ಎಂದು ಬಾಯಿಬಿಟ್ಟು ಹೇಳಬಾರದು ಎಂಬುದೂ ನಮ್ಮ ಮನೆಯ ಕಾನೂನಾಗಿತ್ತು. ಆ ಅಭ್ಯಾಸ ಇಲ್ಲಿಗೂ ಬಂತು. ಹೇಳದೆ ಇದ್ದರೆ ಇಳಿಯುವುದಿಲ್ಲ ಎಂದು ಒಳಗೊಳಗೇ ನಂಬಿದ್ದೆ. ಹೀಗೆ ನಾನು ಅರ್ಧ ದಿನ ಕಳೆದೆ. ಆ ಅರ್ಧ ದಿನವನ್ನೂ ಈಗ ಲೆಕ್ಕಕ್ಕೆ ಹಿಡಿಯಬೇಕು.

ಜ್ವರದ ಎಂಟನೇ ದಿನ ಬೆಳಿಗ್ಗೆ ಎಂಬತ್ತಾರು.

ಅಣ್ಣ ಮಾತಾಡುವಾಗ ನಡುವೆ ನಿಲ್ಲಿಸುತ್ತಿದ್ದ. "ನೀರ್" ಎಂದು ಒಂದು ಉಸಿರು. "ಕೊಡ್" ಎಂದು ಇನ್ನೊಂದು.

ಬೆಡ್ಡಿಗಾಗಿ ಪಾಲಿಕೆಯ ವಾರ್ಡಿನ ನಂಬರಿಗೆ ಫೋನ್ ಮಾಡಿದೆ. ಹೆಸರು ಬರೆದುಕೊಂಡರು, ಕಾಯಿರಿ ಎಂದರು. ಆಂಬುಲೆನ್ಸ್ ಎಲ್ಲವೂ ಹೊರಗಿದ್ದವು. ಹತ್ತು ಗಂಟೆಗೆ ಬಸು ಒಂದು ಆಟೋ ತಂದ. ಚಾಲಕನಿಗೂ ಸೀಟಿಗೂ ನಡುವೆ ಪ್ಲಾಸ್ಟಿಕ್ ಹಾಳೆ. ಸಯನ್ ಕಡೆ ಒಂದು ಆಸ್ಪತ್ರೆಯಲ್ಲಿ ಬೆಡ್ ಖಾಲಿಯಾಗುತ್ತದೆ ಎಂದು ಅವನಿಗೆ ಯಾರೋ ಹೇಳಿದ್ದರು. ಯಾಕೆ ಖಾಲಿಯಾಗುತ್ತದೆ ಎಂದು ನಾನು ಕೇಳಲಿಲ್ಲ.

ಮೆಟ್ಟಿಲಿನಲ್ಲಿ ಗೋಡೆ ಹಿಡಿದು ನಿಂತುಬಿಟ್ಟೆ. ಅಳುತ್ತಿದ್ದೆ.

"ಅಕ್ಕಾರ, ಅಳೂದು ಆಮ್ಯಾಲ. ಈಗ ಹಿಡೀರಿ ಆ ಕಡೆ," ಎಂದ ಬಸು. ಎರಡು ಮಾಸ್ಕ್ ಹಾಕಿಕೊಂಡು ಅಣ್ಣನನ್ನು ತೋಳಿನ ಕೆಳಗೆ ಹಿಡಿದಿದ್ದ. ಕಪ್ ಗೆದ್ದ ಸಂಜೆ ಎತ್ತಿ ಕುಣಿಸಿದ ಹಾಗೆಯೇ ಎತ್ತಿ ಇಳಿಸಿದ.

ಆಸ್ಪತ್ರೆಯ ಗೇಟಿನಲ್ಲಿ ಅಣ್ಣ ನನ್ನ ಕೈ ಬಿಟ್ಟ. ಅಲ್ಲಿಂದ ಮುಂದೆ ಫೋನ್ ಮಾತ್ರ.

ದಿನಕ್ಕೊಮ್ಮೆ ಮಧ್ಯಾಹ್ನ ಡಾಕ್ಟರ್ ಫೋನ್ ಮಾಡುತ್ತಿದ್ದರು. ಚಿಕ್ಕ ವಯಸ್ಸಿನ ಹುಡುಗಿಯ ದನಿ, ತುಂಬಾ ದಣಿದಿತ್ತು. ಮೊದಲ ದಿನ, "ಸಿಟಿ ಸ್ಕೋರ್ ಸತ್ರಾ ಹೈ, ಪಚ್ಚೀಸ್ ಮೇ ಸೇ," ಎಂದರು. ಇಪ್ಪತ್ತೈದಕ್ಕೆ ಹದಿನೇಳು. ಹೆಚ್ಚಾದಷ್ಟೂ ಶ್ವಾಸಕೋಶ ಕೆಟ್ಟಿದೆ ಎಂದರ್ಥ. "ಅಗಲೇ ಚಾರ್ ದಿನ್ ಕ್ರಿಟಿಕಲ್ ಹೈ." ಮುಂದಿನ ನಾಲ್ಕು ದಿನ ಅಪಾಯವಂತೆ.

ಸಂಜೆ ವಿಡಿಯೋ ಕಾಲ್ ಬಂತು. ಉಸಿರನ್ನು ಒಳಗೆ ಒತ್ತುವ ಬೈಪ್ಯಾಪ್ ಯಂತ್ರದ ಮಾಸ್ಕ್ ಮುಖ ತುಂಬ ಬಿಗಿದಿತ್ತು. ಅಣ್ಣ ಅದನ್ನು ಒಂದು ಕ್ಷಣ ಸರಿಸಿ ಹೇಳಿದ:

"ಹದಿನೇಳ್ ಗೋಲಂಬ್ರ್... ನಮ್ ಕೀಪರ್... ಎಲ್ಲಿಗ್ ಹೋಯ್ದ?"

ನಾನೂ ಅತ್ತಿಗೆಯೂ ನಕ್ಕೆವು. ಫೋನ್ ಇಟ್ಟ ಮೇಲೆ ಅತ್ತಿಗೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟರು. ನೀರು ಬಹಳ ಹೊತ್ತು ಸುರಿಯುತ್ತಿತ್ತು.

ಮೂರನೇ ದಿನ ಲಿಲ್ಲಿ ಆಂಟಿಯ ಫೋನ್.

ಫ್ರಾನ್ಸಿಸ್ ಮಾಮ ಹೋದರು.

ಆಂಟಿ ಅಷ್ಟೇ ಹೇಳಿದರು. ಆಮೇಲೆ, "ಅವರು ಕಪ್ ನೋಡಿ ಹೋದರು ಮಗಾ, ಅಷ್ಟಾದರೂ ಆಯ್ತು," ಎಂದರು. ನಾನು ಅವರಿಗೆ ಕಿಟಕಿಯ ವಿಷಯ ಹೇಳಬೇಕೆಂದಿದ್ದೆ. ಊಟ ಆಯಿತಾ ಎಂದು ಕೇಳಿ ಫೋನ್ ಇಟ್ಟೆ.

ಆ ಸಂಜೆ ಅಣ್ಣ ಮೊದಲು ಕೇಳಿದ್ದೇ ಅದು. "ಮಾಮ... ಹೇಂಗಿದ್ರ್?"

"ಮನೆಯಗೇ ಇದ್ರ್. ಸುಸ್ತಂಬ್ರ್, ಫೋನ್ ಬಂದಾಗೆಲ್ಲ ಮಾತಾಡೂಕೆ ಆತಿಲ್ಲ. ಆದಾಗ ನಿಂಗೆ ನನ್ ಫೋನಿಗೆ ಮೆಸೇಜ್ ಕಳ್ಸ್ತ್ರಂಬ್ರ್."

ಸುಳ್ಳು ಹೇಳಿದ ಮೇಲೆ ಅದಕ್ಕೆ ಸಾಕ್ಷಿ ಬೇಕಾಯಿತು. ನನ್ನ ಫೋನಿನಲ್ಲಿ ಮಾಮನ ದನಿ ಇತ್ತಲ್ಲ, ಕೇಳದೆ ಬಿಟ್ಟದ್ದೇ ಎಷ್ಟೋ. ಪ್ರತಿ ಸಂಜೆ ಏಳೂವರೆಗೆ, ನಮ್ಮ ಆಟ ಶುರುವಾಗುವ ಹೊತ್ತಿಗೆ, ಒಂದೊಂದನ್ನೇ ಅಣ್ಣನಿಗೆ ಕಳಿಸಿದೆ. ಕಳಿಸುವ ಮೊದಲು ಕೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ. ಮೆಸೇಜಿನ ಪಕ್ಕ ಎರಡು ನೀಲಿ ಗೆರೆ ಬೀಳುವವರೆಗೆ ಫೋನ್ ಹಿಡಿದು ಕೂರುತ್ತಿದ್ದೆ. ನೀಲಿಯಾದರೆ ಅಣ್ಣ ಇದ್ದಾನೆ. ಒಂದು ಸಂಜೆ ಎಂಟೂವರೆಯಾದರೂ ಬೂದು ಬಣ್ಣವೇ ಇತ್ತು. ಆ ಒಂದು ಗಂಟೆಯ ಬಗ್ಗೆ ನಾನು ಬರೆಯಲಾರೆ.

ಹನ್ನೊಂದು ದಿನ ಬೈಪ್ಯಾಪ್. ಹೊಟ್ಟೆ ಕೆಳಗೆ ಮಾಡಿ ಮಲಗಿಸುತ್ತಿದ್ದರು. ಪಕ್ಕದ ಬೆಡ್ಡಿನವರು ಎರಡು ಸಲ ಬದಲಾದರು ಎಂದು ಅಣ್ಣ ಆಮೇಲೆ ಹೇಳಿದ. ಹನ್ನೆರಡನೇ ದಿನ ಡಾಕ್ಟರ್, "ಆಜ್ ಥೋಡಾ ಬೆಟರ್," ಎಂದರು. ಆ ಮೂರು ಪದಗಳನ್ನು ನಾವು ಯಾರಿಗೂ ಹೇಳಲಿಲ್ಲ. ಸೀಟಿ ಇನ್ನೂ ಊದಿರಲಿಲ್ಲ.

ಇಪ್ಪತ್ಮೂರನೇ ದಿನ ಮನೆಗೆ ಬಂದ. ಹದಿಮೂರು ಕಿಲೋ ಇಳಿದಿದ್ದ. ಮೆಟ್ಟಿಲು ಹತ್ತುವಾಗ ಪ್ರತಿ ಮೂರನೇ ಮೆಟ್ಟಿಲಿಗೆ ಕೂತ. ಜೊತೆಗೆ ಬಂದ ಆಕ್ಸಿಜನ್ ಯಂತ್ರ ಮೂಲೆಯಲ್ಲಿ ಗುಂಯ್‌ಗುಡುತ್ತಿತ್ತು. ಬಸು ನೋಡಲು ಬಂದು ಬಾಗಿಲಲ್ಲೇ ನಿಂತ.

"ಏನ್ರಿ ಪ್ರಭಣ್ಣ, ನಿಮ್ಮ ಸಾಂಬಾರಿಗಿಂತ ತೆಳ್ಳಗ ಆಗೀರಲ್ಲ!"

ಅಣ್ಣ ನಗಲು ಹೋಗಿ ಕೆಮ್ಮಿದ. ಬಸು ಹೆದರಿ ಎರಡು ಹೆಜ್ಜೆ ಹಿಂದೆ ಸರಿದ.

ಒಂದು ವಾರ ಕಳೆದ ಮೇಲೆ ಮಾಮನ ವಿಷಯ ಹೇಳಲೇಬೇಕೆಂದು ಅಣ್ಣನ ಹತ್ತಿರ ಕೂತೆ. ಅವನೇ ಮೊದಲು ಮಾತೆತ್ತಿದ.

"ನೀ ಕಳ್ಸದ್ ಒಂದ್ ಮೆಸೇಜ್ ಇತ್ತಲೆ ಹೆಣ್ಣೇ, ಸುತಳಿ ಕಟ್ಟದ್ ಬೂಟಿಂದ್? ಕಡೀಗೆ ಮಾಮ ಎಂತ ಹೇಳ್ದ್ರ್ ಗೊತ್ತಿತ್ತಾ? 'ಈಗ ಐದು ಗಂಟೆಗೆ ಎಲ್ಲರೂ ತಟ್ಟೆ ಬಡೀಲಿಕ್ಕೆ ಉಂಟಂತೆ, ನಿಲ್ಲಿಸ್ತೇನೆ' ಅಂದ್ರ್."

ತಟ್ಟೆ ಬಡಿದದ್ದು ಹಿಂದಿನ ವರ್ಷ, ಮೊದಲ ಲಾಕ್‌ಡೌನಿನ ಹೊಸ್ತಿಲಲ್ಲಿ. ನಾನು ಕೇಳದೆ ಕಳಿಸಿದ್ದೆ.

"ಅವತ್ತೇ ಗೊತ್ತಾಯ್ತಾ?"

"ಅವತ್ತೇ."

"ಮತ್ತೆ ಕೇಳ್ಲೇ ಇಲ್ಲ ನೀನು."

"ಕೇಂಡ್ರೆ ನೀ ಕಳ್ಸೂದ್ ನಿಲ್ಲಸ್ತಿದ್ದೆ."

ನನಗೆ ಇನ್ನು ತಡೆಯಲಾಗಲಿಲ್ಲ. ಹೇಳಿದೆ. "ಅಣ್ಣ, ಅವತ್ತ್ ನೀ ಕೆಮ್ಮದಾಗ ನನ್ ಕೈ ಚಿಲಕದ್ ಮೇಲೇ ಇತ್ತ್."

ಒಂದು ಲೋಕಲ್ ಹೋಯಿತು. ಇನ್ನೊಂದು ಹೋಯಿತು. ಅಣ್ಣ ಮೂಗಿನ ಆಕ್ಸಿಜನ್ ನಳಿಕೆ ಸರಿಮಾಡಿಕೊಂಡ.

"ನೀ ತೆಗ್ದಿದ್ರೆ ನಾನೇ ಎದ್ ಬಂದ್ ಹಾಕ್ತಿದ್ದೆ," ಎಂದ.

ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ. ನಿಜವನ್ನೇ ಹೇಳಿದ. ನಮ್ಮೆಲ್ಲರ ನಿಜ. ಅದರಿಂದ ನನ್ನ ಭಾರ ಇಳಿಯಲಿಲ್ಲ. ಆದರೆ ಅದನ್ನು ಹೊರಲು ಇನ್ನೊಬ್ಬರಿದ್ದಾರೆ ಎಂದು ಗೊತ್ತಾಯಿತು. ಈಗಲೂ ಕೆಲವು ಮಧ್ಯಾಹ್ನ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುತ್ತಿರುವಾಗ ಕೈಗೆ ಆ ಚಿಲಕದ ತಣ್ಣನೆ ಕಬ್ಬಿಣ ತಾಗಿದಂತಾಗುತ್ತದೆ. ಬೆರಳು ಮಡಚುತ್ತೇನೆ. ತೆಗೆಯುತ್ತೇನೆ. ಎಪ್ಪತ್ತೆರಡನೇ ನಿಮಿಷದಲ್ಲಿ ಪ್ರತಿ ಸಲ ತೆಗೆಯುತ್ತೇನೆ.

ಕಳೆದ ತಿಂಗಳು ಹೊಸ ಸೀಸನ್ ಶುರುವಾಯಿತು. ಎಲ್ಲರಿಗೂ ಎರಡು ಡೋಸ್ ಆಗಿತ್ತು. ಬಸು ಬಂದ. ಬೆತ್ತದ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಆಟ ಶುರುವಾಗುವ ಮೊದಲು ಮೂವರೂ ಕಿಟಕಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಎದ್ದು ಹೋಗಿ ಎರಡೂ ಬಾಗಿಲುಗಳನ್ನು ಗೋಡೆಗೆ ತಾಗುವಷ್ಟು ದೂಡಿ, ಹಗ್ಗದಿಂದ ಸರಳಿಗೆ ಕಟ್ಟಿದೆ.

ಲೋಕಲ್‌ಗಳು ಒಂದರ ಹಿಂದೊಂದು ಹೋದವು. ಟೀವಿಯ ಒಂದು ಮಾತೂ ಸರಿಯಾಗಿ ಕೇಳಲಿಲ್ಲ. ಅರವತ್ತನೇ ನಿಮಿಷಕ್ಕೆ ನಾವು ಎರಡು ಗೋಲು ಹಿಂದಿದ್ದೆವು. ಕಿಟಕಿಯನ್ನು ಯಾರೂ ಬೈಯಲಿಲ್ಲ.

ಅಷ್ಟರಲ್ಲಿ ಅಣ್ಣ ಕೆಮ್ಮಿದ.

ಬಸು ಟೀವಿ ಬಿಟ್ಟು ತಿರುಗಿದ. ಹೊಸ್ತಿಲಲ್ಲಿ ಕೂತು ಆಟ ನೋಡುತ್ತಿದ್ದ ಅತ್ತಿಗೆ ಎದ್ದು ನಿಂತರು. ನಾನು ಆಕ್ಸಿಮೀಟರ್ ಇಟ್ಟ ಡಬ್ಬಿಗೆ ಕೈ ಹಾಕಿದೆ. ಅಣ್ಣ ಇನ್ನೊಮ್ಮೆ ಕೆಮ್ಮಿ, ಕಣ್ಣೊರೆಸಿಕೊಂಡು, ಅಡುಗೆಮನೆಯ ಕಡೆ ಕೈ ತೋರಿಸಿದ.

"ಒಲಿ ಮೇಲಿಂದ್ ಎಣ್ಣಿ ಸೀದ್ ಹೋಯ್ತ್. ವಾಸ್ನೆ ಬತ್ತಿಲ್ಯಾ ನಿಮ್ಗೆ?"

ನನಗೆ ಬರಲಿಲ್ಲ. ಆ ಮಾರ್ಚಿನಿಂದ ನನಗೆ ಯಾವುದರ ವಾಸನೆಯೂ ಬಂದಿಲ್ಲ. ಆದರೆ ಅವನಿಗೆ ಬಂದಿತ್ತು.

ಅವನ ಮಾತು ನಂಬಿ ಎದ್ದು ಹೋಗಿ ಗ್ಯಾಸ್ ಆರಿಸಿದೆ.