ಮನೆಯ ನೆಲದಡಿಯ ಹಿರಿಯರು

ಡಿಗ್ರಿಗೆ ಒಂದೇ ಪೇಪರು ಬಾಕಿಯಿತ್ತು. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಅದೂ ನಲವತ್ತು ದಾಟಿದ ಮೇಲೆ, ವೇರ್‌ಹೌಸಿನ ಶಿಫ್ಟು ಮುಗಿಸಿ ಬಸ್ಸಿನಲ್ಲಿ ಓದಿಕೊಂಡು. ನನ್ನ ಶಿಫ್ಟಿಗೆ ಹೊಂದಿದ್ದು ಪ್ರಾಚೀನ ಮಾಯಾ ಜನರ ಧರ್ಮ ಎಂಬ ಕೋರ್ಸು ಮಾತ್ರ. ಅವರು ಯಾವ ದೇಶದವರೆಂದೂ ಆಗ ನನಗೆ ಗೊತ್ತಿರಲಿಲ್ಲ.

ಮೊದಲ ಪ್ರಬಂಧ ಫೇಲಾಯಿತು. ಪುಸ್ತಕದಲ್ಲಿದ್ದದ್ದನ್ನೇ ಬರೆದಿದ್ದೀರಿ, ನಿಮ್ಮದೆಂಬ ಒಂದು ಪ್ರಶ್ನೆಯೂ ಇಲ್ಲ ಎಂದು ಅಧ್ಯಾಪಕಿ ಷರಾ ಬರೆದಿದ್ದರು. ಕೋರ್ಸಿನ ಕೊನೆಗೆ ತರಗತಿಯ ಮುಂದೆ ಮಾಡಬೇಕಿದ್ದ ಭಾಷಣವೂ ಹೀಗೇ ಆದರೆ ಡಿಗ್ರಿ ಇಲ್ಲ.

ಕೆನಡಾದ ಎಟೋಬಿಕೋಕಿನಲ್ಲಿ, ಯಾರದೋ ಮನೆಯ ನೆಲದಡಿಯ ನಮ್ಮ ಬಾಡಿಗೆ ಬೇಸ್‌ಮೆಂಟಿನಲ್ಲಿ ಅಮ್ಮ ಬಸಳೆ ಹೆಚ್ಚುತ್ತಿದ್ದಳು. ಮಾಯಾದವರ ಬಗ್ಗೆ ಮಾತಾಡಬೇಕು ಎಂದೆ. ನಮ್ಮ ತುಳುವಿನಲ್ಲಿ ಸತ್ತು ದೈವವಾದವರನ್ನು ಮಾಯಕ್ಕೆ ಸಂದವರು ಎನ್ನುತ್ತೇವೆ. ಅಮ್ಮ ಹಾಗೆಯೇ ತಿಳಿದು, ನಮ್ಮ ದೈವಗಳ ಮೇಲೆ ಕೆನಡಾದಲ್ಲಿ ಪರೀಕ್ಷೆಯಾ ಎಂದು ಕತ್ತಿ ಕೆಳಗಿಟ್ಟಳು. ಅಲ್ಲ, ಇವರು ಮೆಕ್ಸಿಕೋ ಕಡೆಯವರು ಎಂದು ಬಿಡಿಸಿ ಹೇಳಿದೆ. ರಾಜನೇ ದೇವರಿಗೆಂದು ತನ್ನ ಮೈಯ ರಕ್ತವನ್ನು ಕಾಗದದ ಮೇಲೆ ಬೀಳಿಸಿ ಸುಡುತ್ತಿದ್ದದ್ದನ್ನು ಹೇಳಿದೆ. ಸತ್ತವರ ಬಾಯಿಗೆ ಮೆಕ್ಕೆಜೋಳದ ಹಿಟ್ಟು ಇಡುತ್ತಿದ್ದರು ಎಂದದ್ದಕ್ಕೆ, ನಾವು ಅಕ್ಕಿ ಹಾಕುವುದಿಲ್ಲವಾ ಎಂದಳು. ಹಿರಿಯರನ್ನು ಮನೆಯ ನೆಲದಡಿಯೇ ಹೂಳುತ್ತಿದ್ದರು ಎಂದಾಗ ನಕ್ಕಳು.

"ಹಾಗಾದ್ರೆ ಅವರೂ ಬೇಸ್‌ಮೆಂಟಿನವರೇ."

ಹೆಚ್ಚಿದ ಬಸಳೆಯನ್ನು ಪಾತ್ರೆಗೆ ಹಾಕುತ್ತಾ ಕೇಳಿದಳು: "ಅಲ್ಲ ಮಗಾ, ಮನೆ ಬಿಟ್ಟು ಬೇರೆ ಊರಿಗೆ ಹೋಗುವವರು ಎಂತ ಮಾಡ್ತಿದ್ರು? ಅಜ್ಜನನ್ನು ಅಲ್ಲೇ ಬಿಟ್ಟು ಹೋಗ್ಲಿಕ್ಕೆ ಆಗ್ತದಾ?"

ಪಠ್ಯಪುಸ್ತಕ ತಿರುವಿದೆ. ಆ ಮಾತೇ ಇರಲಿಲ್ಲ. ಮೂರು ಶನಿವಾರ ಲೈಬ್ರರಿಯಲ್ಲಿ ಕೂತೆ. ಹಳೇ ಮನೆಯ ಮೇಲೆಯೇ ಹೊಸದನ್ನು ಕಟ್ಟುತ್ತಿದ್ದರು ಎಂದು ಸಿಕ್ಕಿತು. ಕೆಲವು ಗೋರಿಗಳನ್ನು ಮತ್ತೆ ತೆರೆದು ಎಲುಬು ತೆಗೆದಿದ್ದರು ಎಂದೂ ಸಿಕ್ಕಿತು. ಎಲ್ಲಿಗೆ ಒಯ್ದರು ಎಂಬುದು ಮಾತ್ರ ಸಿಗಲಿಲ್ಲ.

ಭಾಷಣದಲ್ಲಿ ಅಷ್ಟನ್ನೇ ಹೇಳಿ, ಮುಂದಿನದು ನನಗೆ ಗೊತ್ತಿಲ್ಲ ಎಂದೆ. ಈ ಪ್ರಶ್ನೆ ಹೇಗೆ ಹೊಳೆಯಿತು ಎಂದು ಅಧ್ಯಾಪಕಿ ಕೇಳಿದರು. ಅಮ್ಮನದು, ಮೂರನೇ ಕ್ಲಾಸಿನವರೆಗೆ ಓದಿದ್ದಾಳೆ ಎಂದೆ. ಅವರು ಪ್ರಶ್ನೆಯನ್ನು ಬರೆದುಕೊಂಡರು.

ಪಾಸಾದೆ. ಅಮ್ಮನಿಗೆ ಮೊದಲು ಡಿಗ್ರಿಯ ಸುದ್ದಿ ಹೇಳಿದೆ, ಆಮೇಲೆ ಎಲುಬಿನದು. ಡಿಗ್ರಿಗೆ ಕಣ್ಣೊರೆಸಿಕೊಂಡಳು. ಎಲುಬಿನ ಸುದ್ದಿಗೆ ಕುರ್ಚಿ ಎಳೆದುಕೊಂಡು ಕೂತಳು.

"ಯಾವ ಎಲುಬು ತಕೊಂಡು ಹೋದ್ರಂತೆ?"

ಪದವೀಧರೆ ಮಗಳು ಆ ಪ್ರಶ್ನೆಯನ್ನೂ ಬರೆದುಕೊಂಡಳು. ಶನಿವಾರ ಮತ್ತೆ ಲೈಬ್ರರಿಗೆ ಹೋದೆ.