ನಿಂಗಕ್ಕ ಬೀರು ತೆಗೆಸಿದ್ದು

ತುರುವನೂರಿನಾಚೆ ಒಂದು ಹಟ್ಟಿ. ಅಲ್ಲಿನ ಸರ್ಕಾರಿ ಶಾಲೆಗೆ ಸೂಕ್ಷ್ಮದರ್ಶಕ ಬಂದು ಎರಡು ವರ್ಷವಾಗಿದ್ದರೂ ಅದು ಬೀರುವಿನಿಂದ ಹೊರಗೆ ಬಂದಿರಲಿಲ್ಲ. ಮಕ್ಕಳು ಅದರ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಪೂರ್ತಿ ಅಂಕ ತೆಗೆಯುತ್ತಿದ್ದರು.

ಕುರಿ ಸಾಕುವ ನಿಂಗಕ್ಕ ಈ ವರ್ಷ ಶಾಲೆಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿಗೆ ಅಧ್ಯಕ್ಷೆಯಾದಳು. ಹೆಣ್ಣುಮಗಳು, ತೋರಿಸಿದಲ್ಲಿ ಸಹಿ ಹಾಕುತ್ತಾಳೆ ಎಂದುಕೊಂಡೇ ಉಳಿದವರು ಆರಿಸಿದ್ದರು. ಮಗಳು ಅಂಜಲಿ ಏಳನೇ ತರಗತಿಯಲ್ಲಿದ್ದಳು. ಅವಳು ಶಾಲೆ ಬಿಡುವುದರೊಳಗೆ ಆ ಬೀರು ತೆಗೆಸಬೇಕೆಂದು ನಿಂಗಕ್ಕ ಹಟ ಹಿಡಿದಳು.

"ಒಡೆದ್ರೆ ಮೇಲಿನೋರು ಕೇಳೋದು ನನ್ನನ್ನ, ನಿಂಗಕ್ಕ," ಎಂದರು ಸಭೆಯಲ್ಲಿ ಮುಖ್ಯಶಿಕ್ಷಕ ತಿಪ್ಪಯ್ಯ.

"ಬ್ಯಾರೇರ ಕುರಿ ಮೇಯ್ಸಾಕೆ ಹೋದಾಗ ಒಂದು ಸತ್ರೆ ಏನ್ ಮಾಡ್ತೀವಿ ಗೊತ್ತೈತಾ ಸಾರ್? ಮಾರ್ಕಂಡಿಲ್ಲ, ಸತ್ತೈತೆ ಅಂತ ಅದ್ರ ಕಿವಿ ತಂದು ಒಡೆಯಂಗೆ ತೋರಿಸ್ತೀವಿ. ತೋರಿಸಿದ್ರೆ ಬಯ್ಯಂಗಿಲ್ಲ, ಮುಚ್ಚಿಟ್ರೆ ತಪ್ಪು. ಸಾಯ್ತವೆ ಅಂತ ಕುರೀನ ರೊಪ್ಪದಾಗೇ ಕೂಡಿ ಹಾಕಾಕಾಗ್ತೈತಾ?"

ಸದಸ್ಯ ಬೋರಣ್ಣ ನಕ್ಕ. "ಗಾಜಿಗೆ ಕಿವಿ ಎಲ್ಲೈತವ್ವ?"

"ಚೂರೇ ಅದ್ರ ಕಿವಿ. ಬರ್ಕಳ್ರಿ ಸಾರ್. ಒಡೆದೋರು ಚೂರು ತಂದು ತೋರಿಸ್ಬೇಕು, ಅವ್ರನ್ನ ಯಾರೂ ಬಯ್ಯಂಗಿಲ್ಲ. ಹೊಣೆ ಸಮಿತೀದು."

ಠರಾವಾಯಿತು. ಬೋರಣ್ಣನೂ ಸಹಿ ಹಾಕಿದ.

ಸೋಮವಾರ ಬೀರು ತೆರೆಯಿತು. ತಾಯಂದಿರು ಕಿಟಕಿಗೆ ಮುತ್ತಿದರು. ನಿಂಗಕ್ಕ ಸೆರಗಿಗೆ ಅಂಟಿದ್ದ ಉಣ್ಣೆಯ ಒಂದೆಳೆ ಕಿತ್ತು ಕೊಟ್ಟಳು. ತಿಪ್ಪಯ್ಯನವರು ಅದನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಹನಿ ನೀರು ಬಿಟ್ಟು, ಮಸೂರ ಹೊಂದಿಸಿದರು. ಅಂಜಲಿ ಕಣ್ಣಿಟ್ಟಳು.

"ಅವ್ವಾ, ಎಳೆ ಮ್ಯಾಲೆಲ್ಲ ಮೀನಿನ ಮೈ ಇದ್ದಂಗೈತೆ!"

ನೂಕುನುಗ್ಗಲಾಯಿತು. "ಲೇ ಸರೀರ್ಲೇ, ನಾನೂ ನೋಡ್ಬೇಕು," ಎಂದು ಬೋರಣ್ಣ ಮಕ್ಕಳ ನಡುವೆ ತೂರಿದ. ಇನ್ನೂ ಸ್ಪಷ್ಟ ಕಾಣಲೆಂದು ಅಂಜಲಿ ತಿರುಪು ತಿರುಗಿಸಿದಳು. ಮಸೂರದ ಕೊಳವೆ ಕೆಳಗಿಳಿದು ಪಟ್ಟಿಗೆ ಒತ್ತಿತು. ಚಟ್ ಎಂದಿತು.

ತಿಪ್ಪಯ್ಯನವರ ಕೈ ಜೇಬಿನಲ್ಲಿದ್ದ ಬೀರುವಿನ ಬೀಗದ ಕೈ ಮೇಲೆ ಹೋಯಿತು.

ಅಂಜಲಿ ಚೂರುಗಳನ್ನು ಕಾಗದಕ್ಕೆ ಸರಿಸಿಕೊಂಡು ಅವರ ಮುಂದೆ ಹಿಡಿದಳು. "ನಾನೇ ಒಡೆದಿದ್ದು, ಸಾರ್."

ಅವರು ಮಸೂರವನ್ನು ಬೆಳಕಿಗೆ ಹಿಡಿದು ನೋಡಿದರು. ಗೀರು ಬಿದ್ದಿರಲಿಲ್ಲ. ಚೂರುಗಳನ್ನು ಪೊಟ್ಟಣ ಕಟ್ಟಿಟ್ಟು, ಡಬ್ಬಿಯಿಂದ ಹೊಸ ಪಟ್ಟಿ ತೆಗೆದರು.

"ಕಿವಿ ಬಂತು. ಮುಂದಿನೋರು ಯಾರು?"

ನಿಂಗಕ್ಕ ಆಗಲೇ ಸೆರಗಿನಿಂದ ಇನ್ನೊಂದೆಳೆ ಕೀಳುತ್ತಿದ್ದಳು.