ಕೆಟ್ಟುಹೋದ ಫೋಟೋ

ಅವಳು ಸ್ಟುಡಿಯೋ ಒಂದರಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದಳು. ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, "ಬಾಯಿ ಮುಚ್ಚಿ, ಅಲುಗಾಡಬೇಡಿ" ಎನ್ನುವುದೇ ದಿನವಿಡೀ ಕೆಲಸ. ಒಂದು ಭಾನುವಾರ, ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವ ಭಾವ ಫೋನ್ ಮಾಡಿದರು.

"ನಮ್ಮ ಫೋಟೋಗ್ರಾಫರ್ ಕೈಕೊಟ್ಟ ಕಣಮ್ಮ. ಸಂಜೆ ನೀನೇ ಬಂದುಬಿಡು."

ವೇದಿಕೆಯೆದುರು ಅವಳಿಗೆ ತಲೆಬುಡ ತಿಳಿಯಲಿಲ್ಲ. ಗಾಯಕಿ ಒಂದು ಕಡೆ ನಿಲ್ಲುತ್ತಿರಲಿಲ್ಲ. ದೀಪ ಕೆಂಪಾಯಿತು ಎನ್ನುವಷ್ಟರಲ್ಲಿ ನೀಲಿಯಾಗುತ್ತಿತ್ತು. ಸಿಕ್ಕಿದ್ದನ್ನೆಲ್ಲ ಕ್ಲಿಕ್ಕಿಸಿದಳು.

ಮರುದಿನ ಗಾಯಕಿ ಸ್ಟುಡಿಯೋಗೆ ಬಂದು ಕಂಪ್ಯೂಟರಿನ ಮುಂದೆ ಕುಳಿತರು. ಮುಖ ಸ್ಪಷ್ಟವಾಗಿದ್ದ ಚಿತ್ರಗಳನ್ನೆಲ್ಲ ಸರಸರನೆ ಸರಿಸಿ, ಮಸುಕಾದ ಒಂದನ್ನೇ ದಿಟ್ಟಿಸಿದರು. ಅದರಲ್ಲಿ ಅವರ ಕಣ್ಣು ಮುಚ್ಚಿತ್ತು, ಕೂದಲು ಮುಖಕ್ಕೆ ಅಡ್ಡ ಬಂದಿತ್ತು.

"ಅಯ್ಯೋ ಮೇಡಂ, ಅದು ಕೆಟ್ಟೋಗಿದೆ. ಅಳಿಸ್ತೀನಿ."

"ಮುಟ್ಟಬೇಡಿ! ಹಾಡುವಾಗ ನನಗೆ ಹೇಗನ್ಸುತ್ತೋ ಹಾಗೇ ಬಂದಿದೆ. ಮುಂದಿನ ವಾರಾನೂ ಬರ್ತೀರಲ್ಲ?"

ಅವಳು ಹೂಂ ಎಂದಳು. ಯಾಕೆಂದಳೋ ಅವಳಿಗೇ ಗೊತ್ತಿಲ್ಲ.

ಮುಂದಿನ ವಾರ ಬೇಕೆಂದೇ ಕ್ಯಾಮೆರಾ ಅಲುಗಾಡಿಸಿ ತೆಗೆದಳು. ಅವು ಯಾವುವೂ ಗಾಯಕಿಗೆ ಹಿಡಿಸಲಿಲ್ಲ. ಹಾಡು ಮುಗಿದ ಮೇಲೆ ಭಾವ ಕತ್ತಿನ ಬೆವರು ಒರೆಸಿಕೊಳ್ಳುತ್ತಿರುವ, ಕನ್ನಡಿಯಷ್ಟು ಸ್ಪಷ್ಟವಾದ ಚಿತ್ರ ಮಾತ್ರ ಎಲ್ಲರಿಗೂ ಇಷ್ಟವಾಯಿತು. ಅವಳು ತಲೆ ಕೆರೆದುಕೊಂಡಳು.

ಆದರೂ ಒಂದು ಬ್ಯಾಂಡಿನವರು ಇನ್ನೊಂದು ಬ್ಯಾಂಡಿಗೆ ಹೇಳಿ ಕರೆಗಳು ಹೆಚ್ಚಾದವು, ಸ್ಟುಡಿಯೋ ಕೆಲಸ ಬಿಟ್ಟಳು. ಈಗಲೂ ಚಿತ್ರಗಳನ್ನು ಕಳಿಸಿದ ಮೇಲೆ, ಉತ್ತರ ಬರುವವರೆಗೆ ಅಕ್ಕನ ಅಡುಗೆಮನೆಯಲ್ಲಿ ಶತಪಥ ಹಾಕುತ್ತಾಳೆ.

"ಚೆನ್ನಾಗಿದೆಯೋ ಇಲ್ವೋ ಅಂತ ನಿಂಗೇ ಗೊತ್ತಾಗಲ್ವೇನೇ?" ಎಂದು ಅಕ್ಕ ಕೇಳುತ್ತಾಳೆ.

"ಇಲ್ಲ ಕಣೇ ಅಕ್ಕ, ಅದೊಂದೇ ತಿಳೀತಿಲ್ಲ."